ಸೆಲ್ಡನ್ ಹುಟ್ಟಿದ್ದು ಯಾವ ವರ್ಷ? ಭವಿಷ್ಯದ ಇತಿಹಾಸಗಳ ಶಕಗಣನೆಯ ಕುರಿತು ಒಂದು ಚರ್ಚೆ

ಅಂಚಿನ ಟಿಪ್ಪಣಿ:

ಮಿತ್ರರ ಮುಂದೆ ಒಂದು ಸಣ್ಣ ಕಳೆಯುವ ಲೆಕ್ಕವನ್ನು ಇಡುತ್ತಿದ್ದೇನೆ. ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ ಕಾದಂಬರಿ ಶುರುವಾಗುವುದೇ ಒಂದು ವಿಶ್ವಕೋಶದ ಉಲ್ಲೇಖದಿಂದ. ಹ್ಯಾರಿ ಸೆಲ್ಡನ್ ಗ್ಯಾಲಕ್ಟಿಕ್ ಶಕದ 11,988ನೆಯ ವರ್ಷದಲ್ಲಿ ಹುಟ್ಟಿ 12,069ರಲ್ಲಿ ತೀರಿಕೊಂಡನೆಂದೂ, ಈಗ ಚಾಲ್ತಿಯಲ್ಲಿರುವ ಫೌಂಡೇಶನ್ ಶಕದಲ್ಲಿ ಇವನ್ನು ಋಣ 79 ಮತ್ತು 1 ಎಂದು ಬರೆಯುವುದೇ ಹೆಚ್ಚು ರೂಢಿಯೆಂದೂ ಅಲ್ಲಿದೆ. ಕಾಲೇಜಿನ ದಿನಗಳಿಂದ ನಾಲ್ಕೈದು ಸಲವಾದರೂ ಓದಿರುವ ಈ ಸಾಲನ್ನು ಪ್ರತಿ ಸಲವೂ ದಾಟಿಕೊಂಡೇ ಹೋಗಿದ್ದೆ. ಕಳೆದ ವಾರ ಮಾತ್ರ ಕೈಯಲ್ಲಿ ಪೆನ್ಸಿಲ್ ಇದ್ದುದರಿಂದ ಪುಟದ ಅಂಚಿನಲ್ಲೇ ಕಳೆದು ನೋಡಿದೆ.

12,069ರಲ್ಲಿ 11,988 ಕಳೆದರೆ ಉಳಿಯುವುದು 81. ಋಣ 79ರಿಂದ 1ರವರೆಗಿನ ಅಂತರವಾದರೋ, ನಡುವೆ ಸೊನ್ನೆಯ ವರ್ಷ ಇದೆಯೆಂದುಕೊಂಡರೆ 80, ನಮ್ಮ ಕ್ರಿಸ್ತಶಕದ ಹಾಗೆ ಸೊನ್ನೆಯೇ ಇಲ್ಲವೆಂದುಕೊಂಡರೆ 79. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ 81 ಬರುವುದಿಲ್ಲ. ಲಕ್ಷಾಂತರ ಗ್ರಹಗಳ ಭವಿಷ್ಯವನ್ನು ಗಣಿತದಿಂದ ಹೇಳಿದ ಮಹಾಶಯನ ಆಯುಸ್ಸಿನ ಲೆಕ್ಕವೇ ಅವನ ವಿಶ್ವಕೋಶದಲ್ಲಿ ಕೂಡಿಬರುವುದಿಲ್ಲ.

ಇದು ಲೇಖಕರ ಕೈತಪ್ಪೋ, ಅಥವಾ ಎರಡು ಕಾಲಗಣನೆಗಳು ಅಕ್ಕಪಕ್ಕದಲ್ಲಿ ನಡೆಯುವಾಗ ಇಂಥದ್ದು ಆಗಿಯೇ ಆಗುತ್ತದೋ? ಭವಿಷ್ಯದ ಇತಿಹಾಸ ಬರೆಯುವವರು ಪಂಚಾಂಗವನ್ನು ಹೇಗೆ ಕಟ್ಟುತ್ತಾರೆ, ಯಾವುದು ನಂಬುವಂತಿದೆ, ಯಾವುದು ಕೋಷ್ಟಕದ ಅಂದವಷ್ಟೇ ಎಂಬುದನ್ನು ಇಲ್ಲಿ ಮಾತಾಡೋಣ ಎಂದು ಆಸೆ.

ಹಳೆ ಸಂಚಿಕೆ:

ಲೆಕ್ಕ ಸರಿಯಾಗಿದೆ, ಆದರೆ ಅದಕ್ಕೆ ತಾವು ಕೊಡುತ್ತಿರುವ ಮರ್ಯಾದೆ ಸ್ವಲ್ಪ ಹೆಚ್ಚಾಯಿತು. ಆ ಕಥೆಗಳು 1942ರಿಂದ 1950ರವರೆಗೆ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದವು. ಸೆಲ್ಡನ್ನನ ವಿಚಾರಣೆಯ ಮೊದಲ ಭಾಗವನ್ನು 1951ರಲ್ಲಿ ಪುಸ್ತಕವಾಗುವಾಗ ಹೊಸದಾಗಿ ಬರೆದು ಮುಂದೆ ಸೇರಿಸಿದರು. ಮನೆ ಕಟ್ಟಿ ಮುಗಿದ ಮೇಲೆ ಜಗಲಿ ಕಟ್ಟಿದ ಹಾಗೆ. ಆಗ ಒಂದು ಅಂಕೆ ಅತ್ತಿತ್ತ ಆಗಿದ್ದರೆ ಅದರಲ್ಲಿ ರಹಸ್ಯವೇನೂ ಇರಬೇಕಾಗಿಲ್ಲ.

ಕಾಲಾನುಕ್ರಮದ ವಿಷಯದಲ್ಲಿ ನಿಜವಾದ ಶಿಸ್ತು ಬೇಕೆಂದರೆ ರಾಬರ್ಟ್ ಹೈನ್‌ಲೈನ್ ಅವರನ್ನು ನೋಡಬೇಕು. ಬೇರೆಬೇರೆ ಕಥೆಗಳ ಎಳೆ ತಪ್ಪಬಾರದೆಂದು ಅವರು ಒಂದು ಕೋಷ್ಟಕ ಮಾಡಿಟ್ಟುಕೊಂಡಿದ್ದರು. ಅದನ್ನು ‘ಅಸ್ಟೌಂಡಿಂಗ್’ ಸಂಪಾದಕ ಜಾನ್ ಕ್ಯಾಂಬೆಲ್ 1941ರ ಮೇ ಸಂಚಿಕೆಯಲ್ಲಿ ಅಚ್ಚುಹಾಕಿಸಿದರು. ‘ಭವಿಷ್ಯದ ಇತಿಹಾಸ’ ಎಂಬ ಹೆಸರು ಚಾಲ್ತಿಗೆ ಬಂದದ್ದೂ ಕ್ಯಾಂಬೆಲ್ ಅವರಿಂದಲೇ. ವರ್ಷಗಳ ಪಕ್ಕದಲ್ಲಿ ಕಥೆಗಳ ಹೆಸರು, ಯಾವ ಪಾತ್ರ ಎಲ್ಲಿಂದ ಎಲ್ಲಿಯವರೆಗೆ ಬದುಕಿರುತ್ತದೆ ಎಂದು ತೋರಿಸುವ ಗೆರೆಗಳು, ಯಾವ ಕಾಲಕ್ಕೆ ಯಾವ ಯಂತ್ರ ಬರುತ್ತದೆ, ಸಮಾಜ ಯಾವ ಸ್ಥಿತಿಯಲ್ಲಿರುತ್ತದೆ, ಎಲ್ಲವೂ ಅಲ್ಲಿದ್ದವು. ಆ ಸರಣಿಯಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿಯುವುದು 1978ರಲ್ಲಿ. ನಿಜವಾಗಿ ಇಳಿದದ್ದು 1969ರ ಜುಲೈ 20ರಂದು. ಈ ಕಥೆಗಾರರೆಲ್ಲ ಆತುರಗಾರರು ಎಂಬ ದೂರಿಗೆ ಇದೊಂದು ಉತ್ತರ. ಈ ಪುಣ್ಯಾತ್ಮರು ಒಂಬತ್ತು ವರ್ಷ ತಡವಾದರು.

ಆದರೆ ಕ್ರಿಸ್ತಶಕದಲ್ಲೇ ತೇದಿ ಹಾಕುವವರಿಗೆ ಇರುವ ಗಂಡಾಂತರವೂ ಅದೇ. ತೇದಿ ಬಂದ ದಿನ ಕಥೆ ಸುಳ್ಳಾಗುತ್ತದೆ. ಅಸಿಮೋವ್ ಸಾವಿರಾರು ವರ್ಷ ಆಚೆಗೆ ಹೋಗಿ, ಯಾರಿಗೂ ಪರೀಕ್ಷಿಸಲಾಗದ ಶಕವೊಂದನ್ನು ಹಿಡಿದು ಕೂತದ್ದು ಜಾಣತನ.

ಶಾಸನಪ್ರಿಯ:

ವಿಜ್ಞಾನ ಕಾದಂಬರಿಗಳಲ್ಲಿ ನನ್ನ ಓದು ಕಡಿಮೆ; ಶಾಸನಗಳ ತೇದಿಗಳೊಂದಿಗೆ ಮಾತ್ರ ಬಹಳ ವರ್ಷ ಒದ್ದಾಡಿದ್ದೇನೆ. ಆದ್ದರಿಂದ ಅಂಚಿನ ಟಿಪ್ಪಣಿಯವರ ಪ್ರಶ್ನೆ ನನಗೆ ಮನೆಯ ಪ್ರಶ್ನೆಯಂತೆಯೇ ಕಂಡಿತು. ಒಂದೇ ಘಟನೆಯನ್ನು ಎರಡು ಶಕಗಳಲ್ಲಿ ಬರೆದಾಗ ಅಂತರ ಒಂದರಷ್ಟು ಹೆಚ್ಚುಕಡಿಮೆ ಬಂದರೆ ನಾವು ಕೂಡಲೇ ‘ಕೈತಪ್ಪು’ ಎನ್ನುವುದಿಲ್ಲ. ಮೊದಲು ಎರಡು ಅನುಮಾನಗಳನ್ನು ತೀರಿಸಿಕೊಳ್ಳುತ್ತೇವೆ.

ಮೊದಲನೆಯದು, ಆ ಅಂಕೆ ಗತವರ್ಷವೋ ವರ್ತಮಾನ ವರ್ಷವೋ ಎಂಬುದು. ಶಕ 998 ಎಂದರೆ 998 ವರ್ಷ ಕಳೆದು 999ನೆಯದು ನಡೆಯುತ್ತಿದೆ ಎಂದೂ ಆಗಬಹುದು, 998ನೆಯದೇ ನಡೆಯುತ್ತಿದೆ ಎಂದೂ ಆಗಬಹುದು. ಶಾಸನ ಬರೆಸಿದವರು ಎಲ್ಲ ಕಡೆ ಒಂದೇ ಪದ್ಧತಿಯನ್ನು ಹಿಡಿದಿಲ್ಲ. ಅದಕ್ಕೇ ನಾವು ಜೊತೆಗಿರುವ ಸಂವತ್ಸರದ ಹೆಸರು, ತಿಥಿ, ವಾರಗಳನ್ನು ಸೀವೆಲ್ ಮತ್ತು ದೀಕ್ಷಿತರ 1896ರ ಕೋಷ್ಟಕಗಳಿಗೋ ಸ್ವಾಮಿಕಣ್ಣು ಪಿಳ್ಳೆಯವರ ಗಣಿತಕ್ಕೋ ಹಚ್ಚಿ ನೋಡುವುದು. ವಾರ ಕೂಡಿಬಂದರೆ ನೆಮ್ಮದಿ. ಬರದಿದ್ದರೆ ಮತ್ತೊಂದು ರಾತ್ರಿಯ ನಿದ್ದೆ ಹೋಯಿತು.

ಎರಡನೆಯದು, ಎರಡು ಶಕಗಳ ಹೊಸವರ್ಷ ಒಂದೇ ದಿನ ಬರುತ್ತದೆಯೇ ಎಂಬುದು. ಭಾರತ ಸರ್ಕಾರ 1957ರ ಮಾರ್ಚ್ 22ರಿಂದ ಬಳಕೆಗೆ ತಂದ ರಾಷ್ಟ್ರೀಯ ಪಂಚಾಂಗವನ್ನೇ ತೆಗೆದುಕೊಳ್ಳಿ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ್ದು. ಮಾರ್ಚ್ 22ರಿಂದ ಡಿಸೆಂಬರ್ ಕೊನೆಯವರೆಗೆ ಕ್ರಿಸ್ತಶಕದಲ್ಲಿ 78 ಕಳೆಯಬೇಕು, ಜನವರಿಯಿಂದ ಮಾರ್ಚ್ 21ರವರೆಗೆ 79. 1957ರ ಫೆಬ್ರವರಿಯಲ್ಲಿ ಹುಟ್ಟಿದವನು ಈ ಲೆಕ್ಕದಲ್ಲಿ ಶಕ 1878ರವನು. ಅವನು 2000ದ ಏಪ್ರಿಲ್‌ನಲ್ಲಿ ತೀರಿಕೊಂಡರೆ ಅದು ಶಕ 1922. ಕ್ರಿಸ್ತಶಕದಲ್ಲಿ ಅಂತರ 43, ಶಕವರ್ಷದಲ್ಲಿ 44. ಒಬ್ಬನೇ ಮನುಷ್ಯ, ಒಂದೇ ಆಯುಸ್ಸು, ಯಾರೂ ತಪ್ಪು ಮಾಡಿಲ್ಲ.

ತಮ್ಮ ಸೆಲ್ಡನ್ ಮಹಾಶಯನನ್ನು ಈ ಎರಡು ಜರಡಿಗಳಲ್ಲಿ ಹಾಯಿಸಿ ನೋಡಬಾರದೇಕೆ?

ಅಂಚಿನ ಟಿಪ್ಪಣಿ:

ಹಾಯಿಸಿ ನೋಡಿದೆ, ಶಾಸನಪ್ರಿಯರೇ. ನಿನ್ನೆ ರಾತ್ರಿ ಊಟವಾದ ಮೇಲೆ ಕೂತು ಮಾಡಿದ ಲೆಕ್ಕವನ್ನು ಹಂತಹಂತವಾಗಿ ಇಡುತ್ತೇನೆ, ತಪ್ಪಿದ್ದರೆ ತಿದ್ದಬೇಕು.

ಗತ ಮತ್ತು ವರ್ತಮಾನದ ಜರಡಿ ಮೊದಲು ಆಸೆ ಹುಟ್ಟಿಸಿತು. ಏಕೆಂದರೆ ಹುಟ್ಟನ್ನು ‘11,988ನೆಯ ವರ್ಷ’ ಎಂದು ಕ್ರಮಸಂಖ್ಯೆಯಲ್ಲೂ ಸಾವನ್ನು ಬರಿಯ ‘12,069’ ಎಂದೂ ಬರೆದಿದ್ದಾರೆ. ಮೊದಲನೆಯದನ್ನು ವರ್ತಮಾನವೆಂದೂ ಎರಡನೆಯದನ್ನು ಗತವೆಂದೂ ಹಿಡಿದರೆ, ಸಾವು ಸಂಭವಿಸಿದ್ದು ನಡೆಯುತ್ತಿದ್ದ 12,070ನೆಯ ವರ್ಷದಲ್ಲಿ. ಆಗ ಅಂತರ 82 ಆಗಿ ಗಾಯ ಇನ್ನಷ್ಟು ಅಗಲವಾಗುತ್ತದೆ. ಆ ಔಷಧಿ ಇಲ್ಲಿ ಕೆಲಸಕ್ಕೆ ಬಾರದು.

ಹೊಸವರ್ಷದ ಜರಡಿ ಬೇರೆ ಕಥೆ ಹೇಳಿತು. ಫೌಂಡೇಶನ್ ಶಕದ ಯುಗಾದಿ ಗ್ಯಾಲಕ್ಟಿಕ್ ವರ್ಷದ ನಟ್ಟನಡುವೆ ಎಲ್ಲೋ ಬೀಳುತ್ತದೆಂದು ಭಾವಿಸಿ. ಫೌಂಡೇಶನ್ ಶಕ 1 ಎನ್ನುವುದು 12,068ರ ನಡುವಿನಿಂದ 12,069ರ ನಡುವಿನವರೆಗೆ ನಡೆಯಿತು ಎನ್ನೋಣ. ಸೆಲ್ಡನ್ 12,069ರ ಪೂರ್ವಾರ್ಧದಲ್ಲಿ ತೀರಿಕೊಂಡಿದ್ದರೆ ಅದು ಸರಿಯಾಗಿ ವರ್ಷ 1. ಇಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಹೋದರೆ, ನಡುವೆ ಸೊನ್ನೆಯ ವರ್ಷ ಇದೆಯೆಂದಾದರೆ, ಋಣ 79 ಎನ್ನುವುದು 11,988ರ ನಡುವಿನಿಂದ 11,989ರ ನಡುವಿನವರೆಗೆ. ಆತ 11,988ರ ಉತ್ತರಾರ್ಧದಲ್ಲಿ ಹುಟ್ಟಿದ್ದರೆ ನಾಲ್ಕೂ ಅಂಕೆಗಳು ಕೂಡಿಬರುತ್ತವೆ! ಸೊನ್ನೆ ಇಲ್ಲವೆಂದು ಮಾಡಿ ನೋಡಿದೆ. ಋಣ 79 ಒಂದು ವರ್ಷ ಮುಂದಕ್ಕೆ ಜಾರಿ 11,989ರ ನಡುವಿನಲ್ಲಿ ಶುರುವಾಗುತ್ತದೆ, 11,988ಕ್ಕೆ ಮುಟ್ಟುವುದೇ ಇಲ್ಲ.

ಹಾಗಾದರೆ ಈ ಒಂದು ಸಾಲಿನಿಂದ ಮೂರು ಸಂಗತಿ ಹೊರಡುತ್ತವೆ. ಟರ್ಮಿನಸ್ಸಿನವರ, ಅಂದರೆ ಸೆಲ್ಡನ್ ಸ್ಥಾಪಿಸಿದ ಫೌಂಡೇಶನ್ ನೆಲೆಯೂರಿದ ಗ್ರಹದವರ, ಹೊಸವರ್ಷ ಗ್ಯಾಲಕ್ಟಿಕ್ ಸಾಮ್ರಾಜ್ಯದ ಹೊಸವರ್ಷದ ದಿನ ಬರುತ್ತಿರಲಿಲ್ಲ. ಅವರ ಶಕದಲ್ಲಿ ಸೊನ್ನೆಯ ವರ್ಷವಿತ್ತು. ಸೆಲ್ಡನ್ ತೀರಿಕೊಂಡಾಗ ಅವನಿಗೆ ಎಂಬತ್ತು ತುಂಬಿತ್ತು, ಎಂಬತ್ತೊಂದು ತುಂಬಿರಲಿಲ್ಲ. ಅಸಿಮೋವ್ ಅವರು ಇದನ್ನೆಲ್ಲ ಯೋಚಿಸಿದ್ದರೆಂದು ನಾನು ಹೇಳುತ್ತಿಲ್ಲ. ಪಠ್ಯ ಇದಕ್ಕೆ ಎಡೆ ಕೊಡುತ್ತದೆ, ಅಷ್ಟೆ.

ಹಳೆ ಸಂಚಿಕೆ:

ಲೇಖಕ ಬೀಳಿಸಿದ್ದನ್ನು ಓದುಗ ಎತ್ತಿಡುವುದು ನಮ್ಮಲ್ಲಿ ಹಳೆಯ ಚಾಳಿ. ವ್ಯಾಖ್ಯಾನಕಾರರ ಪರಂಪರೆಯೇ ಇದೆ. ಆದರೂ ಒಪ್ಪುತ್ತೇನೆ, ಲೆಕ್ಕ ಚೊಕ್ಕವಾಗಿದೆ. ಸೊನ್ನೆಯ ವರ್ಷದ ಮಾತು ನನಗೆ ವಿಶೇಷವಾಗಿ ಹಿಡಿಸಿತು. ಕ್ರಿಸ್ತಶಕ ಕಟ್ಟಿದವರ ಕೈಯಲ್ಲಿ ಸೊನ್ನೆ ಇರಲಿಲ್ಲವಾದ್ದರಿಂದ ಕ್ರಿಸ್ತಪೂರ್ವ 1ರ ಮರುವರ್ಷವೇ ಕ್ರಿಸ್ತಶಕ 1 ಆಯಿತು. ಖಗೋಳಜ್ಞರು ಲೆಕ್ಕ ತಪ್ಪುತ್ತದೆಂದು ತಮ್ಮ ಕೆಲಸಕ್ಕೆ ಬೇರೆಯಾಗಿ ಸೊನ್ನೆ ಸೇರಿಸಿಕೊಂಡಿದ್ದಾರೆ. ಗಣಿತಜ್ಞನೊಬ್ಬ ಸ್ಥಾಪಿಸಿದ ಸಮಾಜ ಸೊನ್ನೆಯನ್ನು ಬಿಟ್ಟಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು.

ಮರಳುದಿಬ್ಬ:

ಲೆಕ್ಕದಿಂದ ಸ್ವಲ್ಪ ಆಚೆ ಹೋಗಿ ಕೇಳುತ್ತೇನೆ: ಶಕವನ್ನು ಯಾರು ಶುರುಮಾಡಿದರು? ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ 1965ರಲ್ಲಿ ಬಂತು. ಅದರ ಕಥೆ ನಡೆಯುವುದು 10,191ರಲ್ಲಿ, ಆದರೆ ಯಾವುದಾದ ಮೇಲೆ 10,191 ಎಂಬುದರಲ್ಲಿ ಸ್ವಾರಸ್ಯವಿದೆ. ಆ ಶಕ ಯಾವ ಚಕ್ರವರ್ತಿಯದೂ ಅಲ್ಲ, ಯಾವ ಪ್ರವಾದಿಯದೂ ಅಲ್ಲ. ಅಂತರಗ್ರಹ ಸಾಗಾಟದ ಗುತ್ತಿಗೆ ಹಿಡಿದ ಗಿಲ್ಡ್ ಎಂಬ ಕೂಟದ್ದು. ಗಿಲ್ಡ್‌ಗಿಂತ ಮುಂಚೆ, ಗಿಲ್ಡ್ ಆದಮೇಲೆ ಎಂದು ಇಡೀ ಮನುಕುಲ ಎಣಿಸುತ್ತದೆ. ಸಿಂಹಾಸನದ ಮೇಲೆ ಯಾರೇ ಕೂರಲಿ, ಲಗಾಮು ಯಾರ ಕೈಯಲ್ಲಿದೆ ಎಂಬುದನ್ನು ತೇದಿಯೇ ಹೇಳಿಬಿಡುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಆ ಕಾದಂಬರಿಯ ಮೊದಲ ಉಲ್ಲೇಖ. ಬರೆದವಳು ರಾಜಕುಮಾರಿ ಇರುಲಾನ್. ಕಥಾನಾಯಕ ಮುಆದ್‌ದಿಬ್‌ನನ್ನು ಅರಿಯಬೇಕಾದರೆ ಮೊದಲು ಅವನ ಕಾಲದಲ್ಲಿಟ್ಟು ನೋಡಬೇಕು ಎಂದು ಹೇಳಿ, ಅವನು ಹುಟ್ಟಿದ್ದು ಚಕ್ರವರ್ತಿ ನಾಲ್ಕನೆಯ ಶದ್ದಾಮನ 57ನೆಯ ವರ್ಷದಲ್ಲಿ ಎನ್ನುತ್ತಾಳೆ. ಗಿಲ್ಡ್ ಶಕದ ಅಂಕೆ ಅವಳ ಬಾಯಲ್ಲಿ ಬರುವುದಿಲ್ಲ. ಅವಳು ಆ ಚಕ್ರವರ್ತಿಯ ಮಗಳು. ಅರಮನೆಯಲ್ಲಿ ಬೆಳೆದವಳ ಪಂಚಾಂಗ ಅಪ್ಪನ ವರ್ಷಗಳೇ. ಒಂದೇ ಸಮಾಜದಲ್ಲಿ ಎರಡು ಗಣನೆ, ಅವುಗಳಲ್ಲಿ ಯಾರು ಯಾವುದನ್ನು ಆಡುತ್ತಾರೆ ಎಂಬುದೇ ಪಾತ್ರಚಿತ್ರಣ. ಇಷ್ಟು ಕೆಲಸವನ್ನು ಒಂದು ತೇದಿಯಿಂದ ಮಾಡಿಸಿದ ಇನ್ನೊಂದು ಸಾಲನ್ನು ನಾನು ಈ ಪ್ರಕಾರದಲ್ಲಿ ಓದಿಲ್ಲ. ಆಲ್ಡಸ್ ಹಕ್ಸ್ಲಿ ಅವರ ‘ಬ್ರೇವ್ ನ್ಯೂ ವರ್ಲ್ಡ್’ನ ಫೋರ್ಡ್ ಶಕ 632 ಇದರ ಮುಂದೆ ಹಾಸ್ಯಚಟಾಕಿಯಷ್ಟೇ, ಮಾಡೆಲ್-ಟಿ ಕಾರು ಬಂದ 1908ರಿಂದ ಎಣಿಕೆ ಎಂದು ಗೊತ್ತಾದ ಕೂಡಲೇ ನಕ್ಕು ಮುಂದಕ್ಕೆ ಹೋಗುತ್ತೇವೆ.

ಶಾಸನಪ್ರಿಯ:

ಮರಳುದಿಬ್ಬದವರ ಮಾತಿಗೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದಾಗ ಶಕವರ್ಷವನ್ನು ಬದಿಗೆ ಸರಿಸಿ ತನ್ನ ಹೆಸರಿನಲ್ಲೇ ಚಾಲುಕ್ಯ ವಿಕ್ರಮವರ್ಷವನ್ನು ಶುರುಮಾಡಿದ. ಅದು ನಳ ಸಂವತ್ಸರ. ಅವನ 2ನೆಯ ವರ್ಷ ಎಂದು ಕಂಡರೆ ಜೊತೆಯಲ್ಲಿ ಪಿಂಗಳ ಇರಬೇಕು. ಬೇರೆ ಹೆಸರಿದ್ದರೆ ಅಂಕೆಯನ್ನೋ ಓದನ್ನೋ ಅನುಮಾನಿಸಬೇಕು. ಅರವತ್ತು ಹೆಸರುಗಳ ಈ ಚಕ್ರ ಯಾವ ರಾಜನಿಗೂ ಸೇರಿದ್ದಲ್ಲದ ಕಾರಣ, ರಾಜರು ಶಕಗಳನ್ನು ಬದಲಿಸಿದರೂ ಅದು ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಅದೇ ಈಗ ನಮ್ಮನ್ನು ದಡ ಸೇರಿಸುತ್ತಿರುವುದು. ವಿಕ್ರಮಾದಿತ್ಯ ಐವತ್ತು ವರ್ಷ ಆಳಿದ. ಅವನ ಮಗ ಮೂರನೆಯ ಸೋಮೇಶ್ವರ ಬಂದ ಕೂಡಲೇ ಭೂಲೋಕಮಲ್ಲ ವರ್ಷ ಎಂದು ತನ್ನದೇ ಎಣಿಕೆ ಹಾಕಿಕೊಂಡ. ಮುಂದೆ ವಿಜಯನಗರದ ಕಾಲಕ್ಕೆ ನೋಡಿದರೆ ಶಾಸನಗಳಲ್ಲಿ ಮತ್ತೆ ಅದೇ ಹಳೆಯ ಶಕವರ್ಷ.

ನಾನು ಓದಿರುವ ಕೆಲವೇ ವಿಜ್ಞಾನ ಕಾದಂಬರಿಗಳಲ್ಲಿ ಈ ಬಗೆಯ ಸಾಕ್ಷಿದಾರ ಚಕ್ರವನ್ನು ಕಂಡಿಲ್ಲ. ಶಕದ ಮೇಲೆ ಶಕ ಬರುತ್ತದೆ, ಆದರೆ ಅವುಗಳ ಅಡಿಯಲ್ಲಿ ಯಾರ ಅಪ್ಪಣೆಗೂ ಕಾಯದೆ ತಿರುಗುವ ಚಕ್ರವಿರುವುದಿಲ್ಲ. ವಾಸ್ತವದಲ್ಲಿ ಇತಿಹಾಸ ಉಳಿಯುವುದು ಇಂಥ ಚಕ್ರಗಳಿಂದ.

ಕಿಲೋಸೆಕೆಂಡ್:

ನಾನು ತಂತ್ರಾಂಶದ ಕೆಲಸದವನು, ಯಾರ ಅಪ್ಪಣೆಗೂ ಕಾಯದ ಚಕ್ರ ನಮ್ಮಲ್ಲೂ ಒಂದಿದೆ. ವರ್ನರ್ ವಿಂಜಿ ಅವರು 1999ರ ‘ಎ ಡೀಪ್‌ನೆಸ್ ಇನ್ ದಿ ಸ್ಕೈ’ ಕಾದಂಬರಿಯಲ್ಲಿ ಅದನ್ನು ಬಹಳ ಸೊಗಸಾಗಿ ಬಳಸಿದ್ದಾರೆ. ನಕ್ಷತ್ರದಿಂದ ನಕ್ಷತ್ರಕ್ಕೆ ವ್ಯಾಪಾರಕ್ಕೆ ಹೋಗುವ ಅವರ ವರ್ತಕರಿಗೆ ದಿನ, ತಿಂಗಳು, ವರ್ಷಗಳಿಂದ ಉಪಯೋಗವಿಲ್ಲ. ಯಾವ ಗ್ರಹದ ದಿನ ಎಂದು ಹಿಡಿಯುವುದು? ಆದ್ದರಿಂದ ಸೆಕೆಂಡುಗಳನ್ನಷ್ಟೇ ಎಣಿಸುತ್ತಾರೆ. ಕಿಲೋಸೆಕೆಂಡ್ ಎಂದರೆ 16 ನಿಮಿಷ 40 ಸೆಕೆಂಡು, ಮೆಗಾಸೆಕೆಂಡ್ ಎಂದರೆ ಹನ್ನೊಂದೂವರೆ ದಿನ, ಗಿಗಾಸೆಕೆಂಡ್ ಎಂದರೆ ಸುಮಾರು 31.7 ವರ್ಷ. ನಮ್ಮ ಸೆಲ್ಡನ್ನನ ಆಯುಸ್ಸು ಈ ಅಳತೆಯಲ್ಲಿ ಎರಡೂವರೆ ಗಿಗಾಸೆಕೆಂಡ್.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಗಳಿಗೆಯೇ ಈ ಎಣಿಕೆಯ ಸೊನ್ನೆ ಎಂದು ಅಲ್ಲಿನ ಜನ ನಂಬಿದ್ದಾರೆ. ಸಾವಿರಾರು ವರ್ಷಗಳ ಹಳೆಯ ಸಂಕೇತಗಳನ್ನು ಅಗೆದು ನೋಡಿದವರಿಗೆ ಮಾತ್ರ ಅದು ನಿಜವಲ್ಲವೆಂದೂ, ಪುರಾತನ ಕಂಪ್ಯೂಟರ್ ವ್ಯವಸ್ಥೆಯೊಂದರ ಸೊನ್ನೆಯದೆಂದೂ ಗೊತ್ತು. ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ: 1970ರ ಜನವರಿ 1, ಗ್ರೀನಿಚ್ ಮಧ್ಯರಾತ್ರಿ. ಚಂದ್ರನ ಮೇಲೆ ಮೊದಲ ಹೆಜ್ಜೆ ಬಿದ್ದದ್ದಕ್ಕೂ ಇದಕ್ಕೂ ನಾನು ಲೆಕ್ಕ ಹಾಕಿದಂತೆ ಸುಮಾರು 1 ಕೋಟಿ 42 ಲಕ್ಷ ಸೆಕೆಂಡುಗಳ ಅಂತರ. ದೂರದ ಕಾಲಕ್ಕೆ ಅಷ್ಟು ಅಂತರ ಕಣ್ಣಿಗೇ ಬೀಳುವುದಿಲ್ಲ. ಗುಮಾಸ್ತರ ಅನುಕೂಲಕ್ಕೆ ಹಾಕಿಕೊಂಡ ಸೊನ್ನೆಯೊಂದು ಕಾಲ ಕಳೆದಂತೆ ವೀರಗಾಥೆಯ ಸೊನ್ನೆಯಾಗುವುದು ಎಷ್ಟು ಸಹಜ!

ಆದರೆ ಸೆಕೆಂಡು ಎಣಿಸಿದರೆ ಎಲ್ಲ ಶುದ್ಧ ಎಂದುಕೊಳ್ಳಬಾರದು. 1972ರಿಂದ ಇದುವರೆಗೆ ಗಡಿಯಾರಗಳಿಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಗಿದೆ. ಯುನಿಕ್ಸ್ ಎಣಿಕೆ ಅವನ್ನು ನುಂಗಿಕೊಂಡು ಏನೂ ಆಗದಂತೆ ಮುಂದೆ ಹೋಗುತ್ತದೆ. ಅಧಿಕಮಾಸವನ್ನು ಬರೆಯದ ಪಂಚಾಂಗದ ಹಾಗೆ.

ಇದಕ್ಕೆ ತೀರಾ ವಿರುದ್ಧವಾದದ್ದು ‘ಸ್ಟಾರ್ ಟ್ರೆಕ್’ನ ಸ್ಟಾರ್‌ಡೇಟ್. 1960ರ ದಶಕದ ಮೂಲ ಸರಣಿಯ ಬರಹಗಾರರ ಕೈಪಿಡಿಯಲ್ಲಿ ನಾಲ್ಕು ಅಂಕೆ ಮತ್ತು ಒಂದು ದಶಮಾಂಶವನ್ನು ನಿಮಗೆ ತೋಚಿದಂತೆ ಹಾಕಿಕೊಳ್ಳಿ ಎಂಬ ಸೂಚನೆಯೇ ಇತ್ತು. ಅಲ್ಲಿ ಒಂದು ಅಂಕೆ ಒಂದು ದಿನ. 1987ರಲ್ಲಿ ಶುರುವಾದ ಮುಂದಿನ ಸರಣಿಯಲ್ಲಿ ಐದು ಅಂಕೆಗಳಾದವು, ಸಾವಿರ ಅಂಕೆಗೆ ಒಂದು ವರ್ಷವಾಯಿತು. ಅಂದರೆ ಒಂದು ಅಂಕೆಗೆ ಒಂಬತ್ತು ಗಂಟೆಯೂ ಇಲ್ಲ. ಮೊದಲ ವರ್ಷದ ಕೊನೆಯ ಕಂತಿನಲ್ಲಿ ಒಂದು ಪಾತ್ರ ಇದು 2364 ಎಂದು ಬಾಯಿಬಿಟ್ಟಿತು, ಅಲ್ಲಿಗೆ ಅಭಿಮಾನಿಗಳ ಕೈಗೆ ಗೂಟ ಸಿಕ್ಕಿತು. ತೇದಿಯನ್ನು ಮರೆಮಾಚಲೆಂದೇ ಹುಟ್ಟಿದ ಅಂಕೆಗೆ ಈಗ ಪರಿವರ್ತನ ಕೋಷ್ಟಕಗಳಿವೆ.

ಪೂರ್ವ ಕರಾವಳಿ:

ನಾನಿರುವುದು ಅಮೆರಿಕದಲ್ಲಿ. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ವರ್ಷಕ್ಕೆ ಎರಡು ಮೂರು ಸಲವಾದರೂ ನಡೆಯುವ ಒಂದು ಸಂಭಾಷಣೆ ಈ ಚರ್ಚೆಗೆ ಸೇರುತ್ತದೆ. ಊರಿನಿಂದ ಅಮ್ಮ ಫೋನು ಮಾಡಿ ‘ಹಬ್ಬ ನಾಳೆ ಕಣೇ, ನೀನು ಇವತ್ತೇ ಒಬ್ಬಟ್ಟು ಮಾಡಿದ್ದೀಯಲ್ಲ’ ಎನ್ನುತ್ತಾರೆ. ಇಬ್ಬರದೂ ಸರಿ. ಅಮಾವಾಸ್ಯೆ ಮುಗಿದು ಪಾಡ್ಯ ಹಿಡಿಯುವ ಗಳಿಗೆ ಇಡೀ ಭೂಮಿಗೆ ಒಂದೇ, ಆದರೆ ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ ಎಂಬ ನಿಯಮದಿಂದ ದಿನ ಬದಲಾಗುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡಕ್ಕೆ ಪಾಡ್ಯ ಬಂದರೆ ಅಲ್ಲಿ ಯುಗಾದಿ ಮರುದಿನ. ಆ ಹೊತ್ತಿಗೆ ಇಲ್ಲಿ ಇನ್ನೂ ಬೆಳಗಾಗಿರುವುದಿಲ್ಲವಾದ್ದರಿಂದ ನಮಗೆ ಅದೇ ದಿನ.

ಇದು ಒಂದೇ ಗ್ರಹದ ಮಾತು. ಗ್ಯಾಲಕ್ಸಿಯಲ್ಲಿ ಆ ‘ಒಂದೇ ಗಳಿಗೆ’ ಎನ್ನುವುದೂ ಕೈಬಿಟ್ಟುಹೋಗುತ್ತದೆ. ವೇಗವಾಗಿ ಚಲಿಸುವ ಇಬ್ಬರಿಗೆ ‘ಈಗ’ ಎಂಬುದು ಒಂದೇ ಆಗಿರಬೇಕಾಗಿಲ್ಲ ಎಂದು ಐನ್‌ಸ್ಟೈನ್ 1905ರಲ್ಲೇ ತೋರಿಸಿದ್ದಾರೆ. ಸೆಲ್ಡನ್ ಸತ್ತ ವರ್ಷ 12,069 ಎಂದು ಗ್ಯಾಲಕ್ಸಿಯ ಇನ್ನೊಂದು ಅಂಚಿನಲ್ಲಿ ಬರೆಯುವುದಕ್ಕೂ ಒಂದು ರಾಜಧಾನಿ ಬೇಕು, ಅಲ್ಲಿನ ಗಡಿಯಾರವೇ ಪ್ರಮಾಣ ಎಂಬ ಕಟ್ಟಳೆ ಬೇಕು.

ಈ ಕಷ್ಟವನ್ನು ಮುಚ್ಚಿಡದೆ ಬರೆದವರು ಜೋ ಹಾಲ್ಡಮನ್. 1974ರ ‘ದಿ ಫಾರೆವರ್ ವಾರ್’ ಕಾದಂಬರಿಯ ಭಾಗಗಳ ತಲೆಬರಹಗಳನ್ನಷ್ಟೇ ಓದಿದರೂ ಸಾಕು. ಮೊದಲ ಭಾಗದಲ್ಲಿ ಸಿಪಾಯಿ ಮಂಡೆಲ್ಲಾ 1997ರಿಂದ 2007ರವರೆಗೆ, ಕೊನೆಯ ಭಾಗದಲ್ಲಿ ಮೇಜರ್ ಮಂಡೆಲ್ಲಾ 2458ರಿಂದ 3143ರವರೆಗೆ. ನಡುವೆ ಅವನ ಮೈಗೆ ಕಳೆದದ್ದು ಕೆಲವೇ ವರ್ಷಗಳು. ಸೇನೆಯ ದಫ್ತರದ ತೇದಿ ಒಂದು, ಮೊಣಕಾಲಿನ ತೇದಿ ಇನ್ನೊಂದು. ಇಪ್ಪತ್ತು ವರ್ಷ ಪರದೇಶದಲ್ಲಿದ್ದು ಊರಿಗೆ ಮರಳಿದವರು ಆ ಕಾದಂಬರಿಯನ್ನು ಬೇರೆಯದೇ ರೀತಿ ಓದುತ್ತಾರೆ ಎಂದು ನನ್ನ ಅನುಭವ.

ಗ್ರಹಗತಿ:

ದೂರದ ಗ್ಯಾಲಕ್ಸಿ ಬಿಟ್ಟು ಪಕ್ಕದ ಮನೆಗೆ ಬರೋಣ. ಮಂಗಳನ ಒಂದು ಹಗಲುರಾತ್ರಿ ನಮ್ಮ ಗಡಿಯಾರದಲ್ಲಿ 24 ಗಂಟೆ 39 ನಿಮಿಷ 35 ಸೆಕೆಂಡು. ಅದಕ್ಕೆ ಸೋಲ್ ಎಂಬ ಹೆಸರು ಈಗ ರೂಢಿಯಾಗಿದೆ. ಅಂಥ 668.6 ಸೋಲ್‌ಗಳಿಗೆ ಒಂದು ವರ್ಷ. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ ಮಂಗಳ ತ್ರಿವಳಿಯಲ್ಲಿ ವಲಸೆಗಾರರು ಹೆಚ್ಚುವರಿ 39 ನಿಮಿಷ ಚಿಲ್ಲರೆಯನ್ನು ನಿಭಾಯಿಸುವ ಬಗೆ ನನಗೆ ಬಹಳ ಇಷ್ಟ. ಮಧ್ಯರಾತ್ರಿಗೆ ಗಡಿಯಾರಗಳು ನಿಂತುಬಿಡುತ್ತವೆ. ಅಷ್ಟು ಹೊತ್ತು ಯಾವ ತೇದಿಗೂ ಸೇರದ ಕಾಲ, ಆಮೇಲೆ ಮತ್ತೆ ನಡೆಯತೊಡಗುತ್ತವೆ. ಸೆಕೆಂಡನ್ನು ಹಿಗ್ಗಿಸಿ ಎಲ್ಲವನ್ನೂ ಸರಿದೂಗಿಸುವ ದಾರಿಯೂ ಇತ್ತು. ಹಿಗ್ಗಿಸದೆ ಒಂದು ಬಿರುಕು ಬಿಟ್ಟದ್ದರಿಂದ ಅಲ್ಲಿ ಬದುಕುವವರಿಗೆ ಪ್ರತಿ ರಾತ್ರಿಯೂ ತಾವು ಭೂಮಿಯಲ್ಲಿಲ್ಲ ಎಂಬುದು ನೆನಪಾಗುತ್ತದೆ.

ಕಾದಂಬರಿಯ ಹೊರಗೆ, ಥಾಮಸ್ ಗಂಗಾಲೆ ಎಂಬವರು 1985ರಲ್ಲಿ ಮಂಗಳನಿಗೆ ಡೇರಿಯನ್ ಪಂಚಾಂಗವನ್ನು ರೂಪಿಸಿದರು. ತಿಂಗಳನ್ನು ಸುಮಾರು ನಮ್ಮ ತಿಂಗಳಷ್ಟೇ ಇಟ್ಟರೆ ಇಪ್ಪತ್ತನಾಲ್ಕು ತಿಂಗಳು ಬೇಕಾಗುತ್ತವೆ. ಇಪ್ಪತ್ತಕ್ಕೆ 28 ಸೋಲ್, ನಾಲ್ಕಕ್ಕೆ 27, ಒಟ್ಟು 668. ಅಧಿಕ ವರ್ಷದಲ್ಲಿ ಇನ್ನೊಂದು. ಇಪ್ಪತ್ತನಾಲ್ಕು ಹೆಸರು ಎಲ್ಲಿಂದ ತರುವುದು? ಹನ್ನೆರಡು ರಾಶಿಗಳ ಲ್ಯಾಟಿನ್ ಹೆಸರು, ಅದೇ ಹನ್ನೆರಡು ರಾಶಿಗಳ ಸಂಸ್ಕೃತ ಹೆಸರು, ಒಂದಾದ ಮೇಲೊಂದು: ಸ್ಯಾಜಿಟೇರಿಯಸ್, ಧನುಸ್, ಕ್ಯಾಪ್ರಿಕಾರ್ನಸ್, ಮಕರ, ಅಕ್ವೇರಿಯಸ್, ಕುಂಭ, ಹೀಗೆ. ಕನ್ನಡದ ಯಾವ ಅಜ್ಜಿಗೂ ಮಂಗಳನ ಅರ್ಧ ವರ್ಷ ಆಗಲೇ ಬಾಯಿಪಾಠವಾಗಿದೆ ಎಂದಾಯಿತು.

ಚಾಂದ್ರಮಾನ ಮಾತ್ರ ಅಲ್ಲಿ ನಡೆಯದು. ಫೋಬೋಸ್ ಎಂಬ ಅದರ ಒಳಚಂದ್ರ 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತದೆ. ಅದನ್ನು ಹಿಡಿದು ಮೂವತ್ತು ತಿಥಿ ಮಾಡಿದರೆ ಒಂದೊಂದು ತಿಥಿಗೆ ಕಾಲು ಗಂಟೆ. ಏಕಾದಶಿಯ ಉಪವಾಸ ಕಾಫಿ ಕುದಿಯುವುದರೊಳಗೆ ಮುಗಿಯುತ್ತದೆ. ಆದರೆ ದಿನಕ್ಕೆ ಆರು ಸಲ ಮಾಡಬೇಕು.

ವಿಜ್ಞಾನಿಗಳು ನಿಜವಾಗಿ ಬಳಸುವ ಮಂಗಳವರ್ಷದ ಎಣಿಕೆ ಇನ್ನೂ ಸರಳ. 1955ರ ಏಪ್ರಿಲ್ 11ರಂದು ಮಂಗಳನ ಉತ್ತರ ಗೋಳಾರ್ಧದ ವಸಂತ ವಿಷುವಿನಿಂದ ವರ್ಷ 1. ಆ ಲೆಕ್ಕದಲ್ಲಿ ನಮ್ಮ ಮಂಗಳಯಾನ ನೌಕೆ ಕಕ್ಷೆ ಸೇರಿದ 2014ರ ಸೆಪ್ಟೆಂಬರ್ 24 ಬೀಳುವುದು 32ನೆಯ ಮಂಗಳವರ್ಷದಲ್ಲಿ. ಈ ಶಕಕ್ಕೆ ರಾಜನೂ ಇಲ್ಲ, ಗಿಲ್ಡೂ ಇಲ್ಲ, ಸಂಶೋಧನ ಪ್ರಬಂಧವೊಂದರ ಅನುಕೂಲವಷ್ಟೇ ಇದೆ. ಕಿಲೋಸೆಕೆಂಡ್‌ರವರು ಹೇಳಿದ ಗುಮಾಸ್ತರ ಸೊನ್ನೆಗೆ ಇದು ಇನ್ನೊಂದು ಉದಾಹರಣೆ. ಮುಂದೆ ಅಲ್ಲಿ ನೆಲೆಸುವವರು ಇದರ ಬಗ್ಗೆ ಯಾವ ಪುರಾಣ ಕಟ್ಟುತ್ತಾರೋ!

ಹಿಮಗಾಲ:

ಎಲ್ಲರೂ ಶಕದ ಆರಂಭದ ಬಗ್ಗೆ ಮಾತಾಡಿದ್ದೀರಿ, ಆರಂಭವೇ ಇಲ್ಲದ ಒಂದು ಗಣನೆಯನ್ನು ಯಾರೂ ಎತ್ತಲಿಲ್ಲ. ಉರ್ಸುಲಾ ಲೆ ಗ್ವಿನ್ ಅವರ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯ ಗೆಥೆನ್ ಗ್ರಹದಲ್ಲಿ ಯಾವಾಗಲೂ ವರ್ಷ 1. ಪ್ರತಿ ಹೊಸವರ್ಷದ ದಿನ ಹಿಂದಿನ, ಮುಂದಿನ ಎಲ್ಲ ವರ್ಷಗಳ ಅಂಕೆ ಒಂದೊಂದು ಸ್ಥಾನ ಜರುಗುತ್ತದೆ. ನಡುವೆ ನಿಂತಿರುವುದು ‘ಈಗ’ ಮಾತ್ರ. ದಾಖಲೆ ಇಡುವವರ ಪಾಡೇನು ಎಂದು ಕೇಳಬಹುದು. ಅದಕ್ಕೂ ಅನುಬಂಧದಲ್ಲಿ ಉತ್ತರವಿದೆ: ರಾಜರ ಆಳ್ವಿಕೆ, ಮನೆತನಗಳು, ಎಲ್ಲರಿಗೂ ಗೊತ್ತಿರುವ ಘಟನೆಗಳನ್ನು ಹಿಡಿದು ಗುರುತಿಸಿಕೊಳ್ಳುತ್ತಾರೆ, ಒಂದು ಧರ್ಮದವರು ಮಾತ್ರ ತಮ್ಮ ಗುರುವಿನ ಜನನದಿಂದ 144 ವರ್ಷಗಳ ಆವರ್ತಗಳನ್ನು ಎಣಿಸುತ್ತಾರೆ. ಶಾಸನಪ್ರಿಯರೇ, ತಾವು ಹುಡುಕುತ್ತಿದ್ದ ಚಕ್ರ ಅಲ್ಲಿದೆ.

ಇನ್ನೊಂದು ಸಂಗತಿ ನಮ್ಮವರಿಗೆ ಕೂಡಲೇ ಹೊಳೆಯುವಂಥದ್ದು. ಗೆಥೆನ್ನಿನ ತಿಂಗಳಿಗೆ 26 ದಿನ, ಹದಿಮೂರರ ಎರಡು ಭಾಗ. ಎರಡನೆಯ ಭಾಗದ ದಿನಗಳಿಗೆ ಬೇರೆ ಹೆಸರಿಲ್ಲ. ಮೊದಲ ಭಾಗದ ಹೆಸರುಗಳಿಗೇ ‘ಅಲ್ಲ’ ಎಂಬರ್ಥದ ಒಂದು ಉಪಸರ್ಗ ಹಚ್ಚುತ್ತಾರೆ. ಶುಕ್ಲ ಪಂಚಮಿ, ಬಹುಳ ಪಂಚಮಿ ಎಂದು ಹೇಳಿಕೊಂಡು ಬೆಳೆದ ನನಗೆ ಆ ಪುಟ ಪರಕೀಯ ಎನಿಸಲೇ ಇಲ್ಲ. ಮನೆಯ ಅಡುಗೆಕೋಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚೌಕದೊಳಗೆ ದಪ್ಪ ಅಂಕೆಯ ಇಂಗ್ಲಿಷ್ ತೇದಿ, ಮೂಲೆಯಲ್ಲಿ ಸಣ್ಣಕ್ಷರದ ತಿಥಿ, ನಕ್ಷತ್ರ, ಕೆಳಗೆ ರಾಹುಕಾಲ, ಅದರ ಮೇಲೆ ಹಾಲಿನವನ ಲೆಕ್ಕದ ಗೀಟು. ಲೆ ಗ್ವಿನ್ ಅವರ ಅನುಬಂಧಕ್ಕೆ ಆ ಚೌಕದ ವಾಸನೆ ಇದೆ. ಹೈನ್‌ಲೈನ್ ಕೋಷ್ಟಕ ಗುತ್ತಿಗೆದಾರನ ಗೋಡೆಯಲ್ಲಿ ನೇತುಹಾಕುವಂಥದ್ದು. ತಮ್ಮ ಕಾದಂಬರಿಗಳ ಒಟ್ಟು ಕಾಲಾನುಕ್ರಮ ಒಂದಕ್ಕೊಂದು ಹೊಂದುವುದಿಲ್ಲವೆಂದು ಲೆ ಗ್ವಿನ್ ಅವರೇ ಒಪ್ಪಿಕೊಂಡಿದ್ದರು. ಆದರೂ ನಾನು ನಂಬುವುದು ಅವರ ಪಂಚಾಂಗವನ್ನೇ.

ಹಳೆ ಸಂಚಿಕೆ:

ಹೊಂದದಿರುವುದೇ ಗುಣ ಎನ್ನುವ ಮಟ್ಟಕ್ಕೆ ನಾನು ಬರಲಾರೆ, ಹಿಮಗಾಲದವರೇ. ಲೆ ಗ್ವಿನ್ ಅವರ ಅನುಬಂಧ ನಂಬುವಂತಿರುವುದು ಅದು ತನ್ನೊಳಗೆ ಕಟ್ಟುನಿಟ್ಟಾಗಿರುವುದರಿಂದ. ಸೆಲ್ಡನ್ನನ ನಾಲ್ಕು ಅಂಕೆಗಳು ಕೂಡ, ಅಂಚಿನ ಟಿಪ್ಪಣಿಯವರು ಒಂದು ರಾತ್ರಿ ಕೂತು ಕೂಡಿಸಿದ ಮೇಲೇ ನನಗೆ ರುಚಿಸಿದ್ದು.

ಅಂಚಿನ ಟಿಪ್ಪಣಿ:

ಎಲ್ಲರಿಗೂ ಕೃತಜ್ಞತೆಗಳು. ಶಾಸನಪ್ರಿಯರು ಸೋಮೇಶ್ವರನ ಮಾತು ಎತ್ತಿದ ಮೇಲೆ ಪುಸ್ತಕವನ್ನು ಮತ್ತೆ ತೆರೆದು ನೋಡಿದೆ, ಇನ್ನೊಂದು ಅಂಕೆ ಕಣ್ಣಿಗೆ ಬಿತ್ತು. ಆ ಉಲ್ಲೇಖಗಳೆಲ್ಲ ವಿಶ್ವಕೋಶದ 116ನೆಯ ಆವೃತ್ತಿಯವು, ಅದು ಟರ್ಮಿನಸ್ಸಿನಲ್ಲಿ ಪ್ರಕಟವಾದದ್ದು ಫೌಂಡೇಶನ್ ಶಕ 1020ರಲ್ಲಿ, ಎಂದು ಅಡಿಟಿಪ್ಪಣಿಯಿದೆ. ಸೆಲ್ಡನ್ ಹಾಕಿಕೊಟ್ಟ ಯೋಜನೆ ಏನು? ಮೂವತ್ತು ಸಾವಿರ ವರ್ಷಗಳ ಅಂಧಕಾರವನ್ನು ಒಂದು ಸಾವಿರಕ್ಕೆ ಇಳಿಸಿ, ಅದು ಮುಗಿಯುವ ಹೊತ್ತಿಗೆ ಎರಡನೆಯ ಸಾಮ್ರಾಜ್ಯವನ್ನು ನಿಲ್ಲಿಸುವುದು. ಯೋಜನೆ ಫಲಿಸಿದ್ದರೆ 1020ಕ್ಕೆ ಆ ಸಾಮ್ರಾಜ್ಯಕ್ಕೆ ಇಪ್ಪತ್ತು ವರ್ಷ ವಯಸ್ಸು. ಆದರೂ ವಿಶ್ವಕೋಶ ಫೌಂಡೇಶನ್ ಶಕವನ್ನೇ ‘ಈಗಿನ ಶಕ’ ಎನ್ನುತ್ತಿದೆ. ಪಟ್ಟಕ್ಕೆ ಬಂದವರು ತಮ್ಮದೊಂದು ವರ್ಷ 1 ಹಾಕಿಕೊಂಡ ಸುಳಿವು ಎಲ್ಲೂ ಇಲ್ಲ.

ಶಾಸನಪ್ರಿಯ:

ಇಪ್ಪತ್ತು ವರ್ಷ ಬಹಳ ಹೊತ್ತಾಯಿತು. ವಿಕ್ರಮಾದಿತ್ಯ ಒಂದು ವರ್ಷವೂ ಕಾಯಲಿಲ್ಲ. ನನ್ನ ಕೈಗೆ ಇಂಥ ಶಾಸನ ಸಿಕ್ಕಿದ್ದರೆ ಮೂರು ಸಾಧ್ಯತೆಗಳನ್ನು ಬರೆದಿಡುತ್ತಿದ್ದೆ. ಹೊಸ ಸಾಮ್ರಾಜ್ಯ ಇನ್ನೂ ಹುಟ್ಟಿಲ್ಲ. ಇಲ್ಲವೇ ಹುಟ್ಟಿದೆ, ಅದನ್ನು ನಡೆಸುವವರು ಫೌಂಡೇಶನ್‌ನವರೇ ಆದ್ದರಿಂದ ಎಣಿಕೆ ಬದಲಿಸುವ ಅಗತ್ಯ ಬಿದ್ದಿಲ್ಲ. ಅದೂ ಅಲ್ಲವಾದರೆ ಹುಟ್ಟಿದೆ, ಹೊಸ ಶಕವೂ ಇದೆ, ವಿಶ್ವಕೋಶದ ಸಂಪಾದಕರು ಮಾತ್ರ ಅದನ್ನು ಒಪ್ಪಿಕೊಂಡಿಲ್ಲ. ಮೂರನೆಯದು ನಿಜವಾಗಿದ್ದರೆ 117ನೆಯ ಆವೃತ್ತಿ ಬಂದಿತೇ ಎಂದು ಮೊದಲು ವಿಚಾರಿಸಬೇಕು.